ಕೊನೇ ತೂಬು

ಮೈಸೂರಿನಲ್ಲಿ ಹನ್ನೊಂದು ವರ್ಷ, ಮಂಡ್ಯದಲ್ಲಿ ಹದಿನೈದು,
ನಾನು ಮೇಣ ಕೊಯ್ಯುತ್ತಿದ್ದೇನೆ.
ಅಚ್ಚಿನೊಳಗೆ ಮೇಣ, ಮೇಣದೊಳಗೆ ಯಾರದೋ ನರ.
ಚಕ್ರ ಒಂದು ಸುತ್ತು ತಿರುಗಿದರೆ ಐದು ಮೈಕ್ರಾನ್:
ಈರುಳ್ಳಿ ಸಿಪ್ಪೆ ಇದರ ಮುಂದೆ ಕಂಬಳಿ.
ಕುಂಚದ ತುದಿಯಲ್ಲಿ ಎತ್ತಿ ಬೆಚ್ಚನೆ ನೀರಿಗೆ ಬಿಟ್ಟರೆ
ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ.
ಎಂಥ ಸೆಕೆಯಲ್ಲೂ ಫ್ಯಾನು ಹಾಕುವಂತಿಲ್ಲ.
ಹಾರಿಹೋದ ಬೆನ್ನುಹುರಿಯನ್ನು ಎಲ್ಲಿ ಅಂತ ಹುಡುಕಲಿ?

"ಚೆನ್ನಾಜಮ್ಮ ಮೇಡಂ, ಚಿಟ್ಟೆ!"
ಪ್ರತಿ ವರ್ಷ ಯಾರಾದರೊಬ್ಬರು ಕೂಗುತ್ತಾರೆ.
ಚಿಟ್ಟೆಯೇ ಸರಿ. ಮುಂದಿನ ಕೊಂಬು ದಪ್ಪ, ಹಿಂದಿನದು ಸಪೂರ,
ನಡುವೆ ಸಾಸಿವೆಗಿಂತ ಸಣ್ಣ ನಾಲೆ,
ಅದರ ಅಂಚಿಗೆ ಒತ್ತೊತ್ತಾಗಿ ನಿಂತ ಕೋಶಗಳು.
ಮುಂಗೊಂಬಿನಲ್ಲಿ ದೊಡ್ಡ ಮೈಯವರು,
ಒಳಗೆಲ್ಲ ಹುಲಿಪಟ್ಟೆ, ದಿಟ್ಟಿಸುವ ಒಂದೇ ಕಣ್ಣು.
ಸ್ಪರ್ಶದ ಸುದ್ದಿ ತರುವವರು ಮಾತ್ರ ಒಳಗೆ ಬಂದು ಕೂರುವುದಿಲ್ಲ,
ಹುರಿಯ ಹೊರಗೆ, ಜಗಲಿಯ ಮೇಲೆ,
ಸುತ್ತ ಮೊಮ್ಮಕ್ಕಳಂತೆ ಪುಟ್ಟ ಕೋಶಗಳು ಮುತ್ತಿಕೊಂಡು.
ಅಲ್ಲಿ ಕೂತವಳ ಎಳೆ
ಸೊಂಟದಿಂದ ಹೆಬ್ಬೆರಳಿನವರೆಗೆ,
ಒಂದೇ ಎಳೆ, ಎಲ್ಲೂ ಗಂಟಿಲ್ಲ.
ಮೀಟರಿನಷ್ಟು ಉದ್ದ ಎಂದರೆ ಹುಡುಗರು ಬರೆದುಕೊಳ್ಳುತ್ತಾರೆ.
ನಂಬುವುದಿಲ್ಲ.

"ಕಬ್ಬು ನೋಡಿದೀರಾ?"
ಮಂಡ್ಯದಲ್ಲಿ ಕೇಳಬಾರದ ಪ್ರಶ್ನೆ.
ಕಬ್ಬಿನ ಗೆಣ್ಣು ಹಲ್ಲು ಮುರಿಯುವಷ್ಟು ಗಟ್ಟಿ.
ನರದ ಗೆಣ್ಣು ಬರಿಮೈ,
ಹೊದಿಕೆಗೂ ಹೊದಿಕೆಗೂ ನಡುವೆ ಬಿಟ್ಟ ಎಡೆ.
ಸುದ್ದಿ ನಡೆದು ಬರುವುದಿಲ್ಲ,
ಬರಿಮೈಯಿಂದ ಬರಿಮೈಗೆ ಜಿಗಿಯುತ್ತದೆ.

ನಮ್ಮಪ್ಪ ನೀರಗಂಟಿ.
ತೂಬಿನ ಬೀಗದ ಕೈ ಅವನ ಉಡಿದಾರದಲ್ಲಿ.
ರಾತ್ರಿ ಲಾಂದ್ರ ಹಿಡಿದು ಉಪನಾಲೆಯ ತುದಿವರೆಗೂ ನಡೆದು
ಕೈ ಅದ್ದಿ ನೋಡಿ ಬರುತ್ತಿದ್ದ.
"ಕೊನೇ ತೂಬಿಗೆ ನೀರು ಬರೋದು ಕಡೇಲಿ ಕಣವ್ವ,
ನಿಂತೋಗೋದು ಮಾತ್ರ ಮೊದ್ಲು.
ಆಫೀಸ್ನೋರ ಪುಸ್ತಕದಲ್ಲಿ ಬಂದದೆ ಅಂತ್ಲೇ ಇರ್ತದೆ."

ಮಾಮೂಲಿ ಸ್ಲೈಡಿನಲ್ಲಿ ಕೊಬ್ಬಿನ ಹೊದಿಕೆ ಉಳಿಯುವುದಿಲ್ಲ,
ಜೈಲೀನ್ ತೊಳೆದುಬಿಡುತ್ತದೆ.
ಬಿಳಿ ಉಂಗುರ, ನಡುವೆ ಚುಕ್ಕೆ.
ಹುಡುಗರು ಗುಲಾಬಿ ಪೆನ್ಸಿಲಿನಲ್ಲಿ ಬರೆದು ಬಾಣ ಎಳೆದು
ಹೆಸರು ಕೊಡುವುದು
ಹೋದದ್ದು ಇದ್ದ ಜಾಗಕ್ಕೆ.

ಜನವರಿಯಲ್ಲಿ ಸರ್ಜರಿಯಿಂದ ಒಂದು ಕಾಲು ಬಂತು.
ಹೆಸರಿಲ್ಲ. ನಂಬರು, ವಯಸ್ಸು, ಸಕ್ಕರೆ ಕಾಯಿಲೆ.
ಹರಡಿನ ಹಿಂದಿನ ನರ ಬಿಡಿಸಿ
ಮೊದಲೇ ಆಸ್ಮಿಯಂನಲ್ಲಿ ಅದ್ದಿಟ್ಟೆ;
ಅದರಲ್ಲಾದರೆ ಕೊಬ್ಬು ಕಪ್ಪಾಗಿ ನಿಲ್ಲುತ್ತದೆ.
ಕಂತೆ ತುಂಬ ಕಪ್ಪು ಬಳೆಗಳಿರಬೇಕಿತ್ತು.
ಅಲ್ಲೊಂದು, ಇಲ್ಲೊಂದು,
ಕಡಿದ ಗದ್ದೆಯಲ್ಲಿ ಉಳಿದ ಕೂಳೆ.
ಕೂಳೆ ಕಬ್ಬು ಮತ್ತೆ ಚಿಗುರುತ್ತದೆ.
ಇದರ ವಿಷಯ ಕೇಳಿದವರಿಗೆ ನಾನು
"ಡಾಕ್ಟರನ್ನು ಕೇಳಿ" ಎನ್ನುತ್ತೇನೆ.

ಆ ಸ್ಲೈಡು ತೋರಿಸುತ್ತಿದ್ದೆ ಇವತ್ತು.
ಉದ್ದದ ಎಳೆ ಮೊದಲು ಸಾಯುತ್ತದೆ, ತುದಿಯಿಂದ ಮೇಲಕ್ಕೆ,
ಕಾಲುಚೀಲ ಹಾಕಿದ ಹಾಗೆ ಜೋಮು ಏರುತ್ತದೆ ಅಂತೆಲ್ಲ.
ಕಿಟಕಿಯಲ್ಲಿ ಯಾವುದೋ ಆಲೆಮನೆಯ ಬೆಲ್ಲದ ಕಂಪು.
ನಾಗಮಂಗಲದ ನಸೀಮಾ ಕಣ್ಣು ಎತ್ತಿ, ಕೆಳಗೆ ನೋಡಿ,
"ಮೇಡಂ, ನಿಮ್ಮ ಎಡಗಾಲಿನ ಚಪ್ಪಲಿ?"

ಇರಲಿಲ್ಲ.
ಎಲ್ಲಿ ಕಳಚಿತೋ: ಬಸ್ಸಿನ ಮೆಟ್ಟಿಲೋ, ಗೇಟೋ.
ಹೆಬ್ಬೆರಳಿನ ಕೆಳಗೆ ಒಂದು ಜಲ್ಲಿಚೂರು ಅಂಟಿತ್ತು,
ಸುತ್ತ ಒಣಗಿದ ರಕ್ತ.
ಯಾರದೋ ಪಾದ ನೋಡಿದಂತೆ ನೋಡಿದೆ.

ಅವಳು ಓಡಿಹೋಗಿ ಹುಡುಕಿ ತಂದಳು,
ಸೈಕಲ್ ಸ್ಟ್ಯಾಂಡಿನ ಹತ್ತಿರ ಬಿದ್ದಿತ್ತಂತೆ.
ಮಂಡಿಯೂರಿ ತಾನೇ ತೊಡಿಸಿದಳು. ಬೇಡ ಎನ್ನಲಾಗಲಿಲ್ಲ.
"ಸರಿಯಾಗಿ ಕೂತಿದೆಯಾ ಮೇಡಂ?"

ಬಗ್ಗಿ ನೋಡಿದೆ,
ಲಾಂದ್ರ ಹಿಡಿದವನ ಹಾಗೆ.
ಕೂತಿದೆ ಎಂದೆ.