ಅಳೆದೂ ಸುರಿದೂ

ಕೆಳಗೆ ಔಷಧಿ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು,
ನಡುವಿನ ಮಹಡಿಯಲ್ಲಿ ವೃತ್ತಿ ಮಾರ್ಗದರ್ಶನ ಕೇಂದ್ರ.
'ನೋವಿಗೂ ಮದ್ದಿಗೂ ನಡುವೆ ನಾವು' ಎಂದಳು ಹೆಲ್ವೆ,
ಬಂದವರಿಗೆಲ್ಲ ಹೇಳಿ ಹೇಳಿ ಸವೆದ ಮಾತು.
ನಾನು ನಗಲಿಲ್ಲ. ಕೋಟು ಕಳಚಿ ಮೂಲೆಯಲ್ಲಿ ಕೂತೆ.
ಟಾಲಿನ್ನಿನಿಂದ ಬಂದವಳು ನಾನು,
ಅಳೆಯಲು.

ಚೀಲದಲ್ಲಿ ಇಪ್ಪತ್ತೆರಡು ಪ್ರಶ್ನೆಗಳ ನಮೂನೆ,
ಒಂದರಿಂದ ಐದರವರೆಗೆ ಅಂಕ.
ಕಿಟಕಿಯಾಚೆ ಕೊಹ್ಟ್ಲಾ-ಯಾರ್ವೆಯ ಬೂದಿಗುಡ್ಡ,
ಅದರ ನೆತ್ತಿಯ ಮೇಲೆ ಮಾತ್ರ ಹಿಮ ನಿಂತಿರಲಿಲ್ಲ.
ಒಳಗಿನ್ನೂ ಬಿಸಿ ಇದೆಯಂತೆ.

ಅರ್ಕಾದಿ ಬಂದ. ಐವತ್ತೊಂದು ವರ್ಷ,
ಇಪ್ಪತ್ತೊಂಬತ್ತು ನೆಲದಡಿಯಲ್ಲಿ, ಎಣ್ಣೆಕಲ್ಲಿನ ಗಣಿಯಲ್ಲಿ.
ಎರಡೂ ಕೈ ಮೇಜಿನ ಮೇಲಿಟ್ಟ,
ಅಡವಿಡಲು ತಂದ ಒಡವೆಯ ಹಾಗೆ.
ಹೆಲ್ವೆ ಏನೂ ಕೇಳಲಿಲ್ಲ.
ಕುದಿವ ಕೆಟಲನ್ನು ಆರಿಸಿ ಬಂದು ಕೂತಳು.
ಹನ್ನೊಂದು ನಿಮಿಷ. ನನ್ನ ಗಡಿಯಾರ ಸಾಕ್ಷಿ.
ಬರೆದೆ: 'ಸಮಯದ ಸದ್ಬಳಕೆ, ಎರಡು.'

ಆಮೇಲೆ ಅವಳ ಹರಕು ರಷ್ಯನ್‌ನಲ್ಲಿ ಒಂದು ಪ್ರಶ್ನೆ:
'ಕೆಳಗೆ ದೀಪ ಆರಿದರೆ ಏನು ಮಾಡುತ್ತಿದ್ದಿರಿ?'
ವಿಭಕ್ತಿ ತಪ್ಪಿತ್ತು. ಅವನು ತಿದ್ದಿದ.
ತಿದ್ದುವಾಗಲೇ ಮೊದಲ ಸಲ ತಲೆಯೆತ್ತಿದ್ದು.
'ಕಿವಿಗೊಡುತ್ತಿದ್ದೆ' ಎಂದ.
'ಬೀಳುವ ಮುಂಚೆ ಕಲ್ಲು ಏನೋ ಗೊಣಗುತ್ತದೆ.'
ಅವಳು ಬರೆದುಕೊಂಡದ್ದು ಅದೊಂದೇ ಸಾಲು.

ನನ್ನ ಪಟ್ಟಿಯಲ್ಲಿ ರಿಮ್ಮಾ ಹಸಿರು:
ಮೂರೇ ವಾರಕ್ಕೆ ಕಾಲ್ ಸೆಂಟರಿನಲ್ಲಿ ಕೆಲಸ.
ಏಳನೇ ತಿಂಗಳು ಹೆಡ್‌ಫೋನು ಕಿತ್ತಿಟ್ಟು
ಎದ್ದು ಹೋದಳೆಂದು ಯಾರೋ ಹೇಳಿದರು.
ಇರಬಹುದು. ನನ್ನ ಪಟ್ಟಿಗೆ ಆರೇ ತಿಂಗಳು.
ಅರ್ಕಾದಿ ಕೆಂಪು. ಷರಾ: 'ಫಲಿತಾಂಶ ಇಲ್ಲ.'
ಸುಳ್ಳು ಬರೆಯಲಿಲ್ಲ ನಾನು, ದೇವರಾಣೆ.
ಪಾವಿನಲ್ಲಿ ಅಳೆಯಬೇಕಾದ್ದನ್ನು ಪಾವಿನಲ್ಲೇ ಅಳೆದೆ.
ಸೇರಿನಷ್ಟಿದ್ದದ್ದು ಸುತ್ತ ಚೆಲ್ಲಿತು, ಗುಡಿಸಿದರು.

(ಹದಿನೈದರಲ್ಲಿ ನನಗೂ ಒಂದು ಪರೀಕ್ಷೆ ಇಟ್ಟಿದ್ದರು.
ಅರಣ್ಯಪಾಲಕಿಯಾಗು ಅಂದಿತು.
ಉಣ್ಣೆಹುಳ ಕಂಡರೆ ಕಿರುಚುವವಳು ನಾನು.
ಆ ಮೇಷ್ಟರಿಗೆ ಯಾರೂ ಅಂಕ ಕೊಡಲಿಲ್ಲ.)

ಎರಡು ವರ್ಷದ ನಂತರ ನಿಯಮದಂತೆ ಫೋನು.
ಹದಿನೇಳನೇ ಪ್ರಶ್ನೆ: ಈ ಸೇವೆಯನ್ನು ಗೆಳೆಯರಿಗೆ
ಶಿಫಾರಸು ಮಾಡುವಿರಾ?
'ಉಳಿದ ಗೆಳೆಯರು ಮೂವರು,' ಎಂದ ಅರ್ಕಾದಿ,
'ಮೂವರನ್ನೂ ನಾನೇ ಕರೆದೊಯ್ದೆ.
ಒಬ್ಬ ಮೆಟ್ಟಿಲಲ್ಲೇ ತಿರುಗಿ ಹೋದ.'
ಈಗೇನು ಕೆಲಸ?
'ನೀರಿನ ಇಲಾಖೆ. ರಾತ್ರಿಪಾಳಿ.
ರಸ್ತೆಗೆ ಕಬ್ಬಿಣದ ಸಲಾಕೆ ಒತ್ತಿ, ಕಿವಿಯಿಟ್ಟು,
ಎಲ್ಲಿ ಪೈಪು ಸೋರುತ್ತಿದೆ ಎಂದು ಹೇಳುವುದು.'
ನನಗೆ ಉಸಿರು ಬಂತು. ಹಾಗಾದರೆ ಹೆಲ್ವೆಯ ಸಲಹೆ?
'ಇಲ್ಲಪ್ಪ. ಅವಳು ಬಸ್ ಓಡಿಸು ಅಂದಳು.
ಎರಡು ದಿನ ಓಡಿಸಿದೆ. ಬೆಳಕು ಜಾಸ್ತಿ.
ಇದನ್ನು ಹೇಳಿದ್ದು ನನ್ನ ಭಾವಮೈದುನ.'

ಯಾವ ಚೌಕಕ್ಕೆ ಗುರುತು ಹಾಕಲಿ?
ಹೇಳಿದ್ದು ತಪ್ಪು. ಕೇಳಿದ್ದು ಸರಿ.
ಕೇಳಿದ್ದಕ್ಕೆ ಕಾಲಂ ಇಲ್ಲ.
ಅಳೆದೂ ಸುರಿದೂ ಮೂರು ಅಂದುಕೊಂಡೆ,
ನಾಲ್ಕು ಮಾಡಿದೆ, ಮತ್ತೆ ಅಳಿಸಿದೆ.

'ನಿನ್ನನ್ನು ಯಾರು ಅಳೆಯುತ್ತಾರೆ?' ಎಂದ,
ಕುಹಕವಲ್ಲ, ನಿಜಕ್ಕೂ ತಿಳಿಯಬೇಕೆಂದು.
ನಾನು ತಡವರಿಸಿದೆ.
'ಇರು, ಸುಮ್ಮನಿರು. ಇಲ್ಲೇ ಎಲ್ಲೋ ಇದೆ'
ಎಂದವನು ಫೋನನ್ನು ಸಲಾಕೆಗೆ ಒತ್ತಿದ.

ನನಗೇನೂ ಕೇಳಿಸಲಿಲ್ಲ.
ಎಷ್ಟು ಹೊತ್ತು ಎಂದು ಬರೆದುಕೊಳ್ಳಲೂ ಇಲ್ಲ.