ಇರವಲು ಅಂಗಿ

ಸೊಹಾರ್. ರಾತ್ರಿ ಪಾಳಿ. ಸೆಂಟ್ರಿಫ್ಯೂಜ್ ಸುತ್ತಿ ಸುಮ್ಮನಾಯಿತು.
ಗಾಜಿನಾಚೆ ಕೊಡೇರಿಯ ಶೀನ ಮೊಗವೀರ,
ಕೈಯಲ್ಲಿನ್ನೂ ಮೀನು ಮಾರ್ಕೆಟಿನ ಐಸಿನ ವಾಸನೆ:
"ಹ್ವಾಯ್ ಮೇಡಂ, ಬಿ ಇಳ್ದಿತ್ ಅಂಬ್ರ್, ಹೌದಾ?"

ಇಳಿದಿದೆ. ಲಕ್ಷದಲ್ಲಿದ್ದದ್ದು ನೂರಕ್ಕೆ.
ಹನ್ನೆರಡು ವರ್ಷದ ಬಾಡಿಗೆದಾರ
ಒಮ್ಮೆಲೇ ದನಿ ತಗ್ಗಿಸಿದ್ದಾನೆ.

ಕಣ್ಣ ಬಿಳಿಯಲ್ಲಿ ಮಾತ್ರ ಅರಿಸಿನ.
ಎಎಲ್‌ಟಿ ಐನೂರು ದಾಟಿದೆ.

ಎರಡನೆಯ ನಳಿಗೆಯಲ್ಲಿ ಡಿ.
ಸ್ವಂತಕ್ಕೊಂದು ಅಂಗಿಯಿಲ್ಲದ್ದು;
ಬಿ ಹೊಲಿದಿಟ್ಟದ್ದನ್ನೇ ತೊಟ್ಟು
ಬಿ ಬಂದ ಬಾಗಿಲಲ್ಲೇ ಒಳಬಂದು
ಬಿಯನ್ನೇ ಮೂಲೆಗೊತ್ತಿ
ಈಗ ಮನೆಯ ಜಂತಿ ತಿನ್ನುತ್ತಿದೆ.

ನಿಮ್ಮ ಕ್ಯಾಂಪೂ ಹಾಗೇ ಅಲ್ಲವೆ ಶೀನಾ,
ಒಂದೇ ಮಂಚ, ಹಗಲಿಗೊಬ್ಬ ಇರುಳಿಗೊಬ್ಬ,
ತಂತಿಯ ಮೇಲಿನ ಅಂಗಿ ಯಾರದೆಂದು ಕೇಳದೆ
ತೊಟ್ಟು ಡ್ಯೂಟಿಗೆ ಓಡುವುದು...

ಅಲ್ಲ, ಹಾಗಲ್ಲ.
ನೀವು ಒಗೆದು ಮರಳಿಸುತ್ತೀರಿ.
ಜ್ವರ ಬಂದವನಿಗೆ ಗಂಜಿ ಕಾಯಿಸುತ್ತೀರಿ.

ಹೇಳಬೇಕಾದದ್ದು ಡಾಕ್ಟರು, ನಾನಲ್ಲ.
ಹಾಳೆ ಮಗುಚಿ ಇಡುತ್ತೇನೆ.

ಹೊರಗೆ, ಎಸಿಯ ನೀರು ತೊಟ್ಟಿಕ್ಕುವಲ್ಲಿ,
ಆಗಲೇ ಅಕ್ಕನಿಗೆ ವಾಯ್ಸ್ ಮೆಸೇಜು:
"ಹೆದರ್ಬೇಡ ಅಕ್ಕಾ. ಇಳ್ದಿತ್ ಅಂಬ್ರ್."