ಹದಿನಾಲ್ಕನೇ ಕಾಲು

ಚೌಬಾರಾದ ಹಿಂದಿನ ಓಣಿಯಾಗ
ಝರೆಪ್ಪ ಬೋರ್ಡು ಮೊದಲು ಮೂಸಿ ನೋಡ್ತಾನ.
ಸುಟ್ಟ ವಾಸನಿ ಇಲ್ಲ. ಹುಳಿ ಅದ, ಅಂತಾನ,
ಬ್ಯಾಟರಿ ಸೋರ್ಯಾದ.

ಹಚ್ಚಿದರ, ವಿಮಾನಕ್ಕ ರೆಕ್ಕಿ ಇಲ್ಲ,
ವೈರಿಗೂ ಇಲ್ಲ. ಬರೀ ಗೆರಿ,
ಮಗ್ಗದಾಗ ಎಳಿ ತಪ್ಪಿದ ಸೀರಿ ಹಂಗ.
ಗುಂಡಿನ ಸಪ್ಪಳ ಮಾತ್ರ ನೆಟ್ಟಗದ.

ಒಂದೊಂದೇ ಚಿಪ್ಪಿನ ಮ್ಯಾಲ ಬೆರಳಿಟ್ಟ.
ಯಾವುದೂ ಕಾದಿಲ್ಲ.
"ಕಾದಿದ್ದರ ಛಲೋ ಇತ್ತು,
ಕಿತ್ತು ಬ್ಯಾರೆ ಹಾಕ್ತಿದ್ದೆ.
ತಣ್ಣಗಿದ್ದು ಸುಳ್ಳು ಹೇಳೂದು ಭಾಳ ಕೆಟ್ಟ."

ಮೀಟರಿನ ಮುಳ್ಳು ಕಾಲಿಂದ ಕಾಲಿಗೆ.
ಹನ್ನೆರಡು, ಕುಂಯ್.
ಹದಿಮೂರು, ಕುಂಯ್.
ಹದಿನಾಲ್ಕಕ್ಕ ಮಾತಿಲ್ಲ.
ಹಸಿರು ಕಿಲುಬು ಕೆರೆದರ ಕೆಳಗ
ತಾಮ್ರ ಇಲ್ಲ,
ತಾಮ್ರ ಹಾದು ಹೋದ ಗುರುತು.

ಎದುರಿನ ಕಟ್ಟಿ ಮ್ಯಾಲ ಮಕ್ಬೂಲ್ ಚಾಚಾ
ಬಿದ್ರಿ ಸುರಾಹಿಯ ಬಳ್ಳಿಗೆ ಬೆಳ್ಳಿ ಕೂಡಿಸ್ತಿದ್ದ.
ಯಾಕಂತ ಕೇಳಲಿಲ್ಲ.
ಕೋಟಿ ಮಣ್ಣು ಹತ್ತಿದ ಬೆರಳಿಂದ
ಉಗುರಷ್ಟು ತಂತಿ ಹರಿದು ಕೊಟ್ಟ,
ತನ್ನ ಚಸ್ಮಾನೂ ಕೊಟ್ಟ.

ಬೆಸುಗಿ ಹೊಗಿ, ಒಂದು ಕೆಮ್ಮು.
ರೆಕ್ಕಿ ಬಂತು.
ವೈರಿಗೂ ಬಂತು, ಏನ್ಮಾಡೂದು.

ಗೆದ್ದವರ ಪಟ್ಟಿ ಖಾಲಿ.
ಹೆಸರು ಹಿಡಿದಿದ್ದ ಬ್ಯಾಟರಿನೇ
ಹಾದಿ ತಿಂದಿತ್ತು.

"ಹಳೇ ಬಸ್ ಸ್ಟ್ಯಾಂಡ್ ಪಾರ್ಲರ್‌ದಾಗ
ಇದರ ಮೊದಲನೇ ಸಾಲು ನಂದಿತ್ತು" ಅಂದ ಝರೆಪ್ಪ.
ನಾ ನಕ್ಕೆ. ನಂದಿತ್ತು ಅದು.
ತೊಂಬತ್ತೆರಡು, ದಸರಾ ಸೂಟಿ,
ಅಪ್ಪನ ಅಂಗಿ ಕಿಸೆದಾಗಿನ ಎಂಟು ರೂಪಾಯಿ.
"ನೀ ಎರಡನೇದು."
"ನೀನೇ."
ಸಾಕ್ಷಿ ಯಾರ ಕಡೆನೂ ಇಲ್ಲ.

ಕಟ್ಟಿ ಮ್ಯಾಲಿಂದ ಚಾಚಾ ಕೂಗಿದ:
ಜಗಳ ಆಮ್ಯಾಲ ಆಡ್ರಿ,
ಮೊದಲು ನನ್ನ ಚಸ್ಮಾ ಕೊಡ್ರಿ.